ನರಿ ಓಟ

‘ಕುದರಿ ಓಟ ಕೇಳೀನಿ, ಹೋರಿ ಓಟ ನೋಡೀನಿ. ಇದ್ಯಾವ ನರಿ ಓಟೋ ತಮ್ಮಾ?’

ಅವ್ವ ಹೀಗೆ ಕೇಳಿದಾಗ ನಾನು ಶಹಾಪುರದ ನಮ್ಮ ಮನೆಯ ಪಡಸಾಲೆಯ ನಡುವೆ ನಿಂತಿದ್ದೆ. ಬಲಗೈ ಎದೆಯ ಮಟ್ಟಕ್ಕೆ ಎತ್ತಿ, ಎದುರಿಗೆ ಇಲ್ಲದ ಹೆಂಡತಿಯ ಬೆನ್ನ ಮೇಲೆ ಇಟ್ಟಿದ್ದೆ. ಇರುವ ಹೆಂಡತಿ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಆ ಸಪ್ಪಳ ತಾಳ ತಪ್ಪದೆ ಬರುತ್ತಿತ್ತು. ನನ್ನ ಕಾಲು ಮಾತ್ರ ಅದಕ್ಕೂ ಹೊಂದುತ್ತಿರಲಿಲ್ಲ, ಮೊಬೈಲಿನ ಹಾಡಿಗೂ ಹೊಂದುತ್ತಿರಲಿಲ್ಲ.

ಇಷ್ಟಕ್ಕೆಲ್ಲ ಕಾರಣ ಮಗಳು. ಬೆಂಗಳೂರಿನಲ್ಲಿ ನೌಕರಿ ಮಾಡುವ ಆಕೆ ಅಲ್ಲಿಯೇ ಒಬ್ಬ ಹುಡುಗನನ್ನು ಮೆಚ್ಚಿಕೊಂಡಳು. ಹುಡುಗ ಕೆಜಿಎಫ್‌ನವನು. ಭಾಷೆ ಬೇರೆ, ದೇವರು ಬೇರೆ, ಸಾರಿನ ಹುಳಿ ಬೇರೆ. ಇಷ್ಟನ್ನೆಲ್ಲ ನುಂಗಿಕೊಳ್ಳಲು ನಮಗೆ ಎಂಟು ತಿಂಗಳು ಹಿಡಿಯಿತು. ನುಂಗಿ ನೀರು ಕುಡಿಯುವಷ್ಟರಲ್ಲಿ ಇನ್ನೊಂದು ಫೋನು. ಮದುವೆಯ ರಾತ್ರಿ ಊಟಕ್ಕೆ ಮುಂಚೆ ಮೊದಲ ಹಾಡಿಗೆ ಮದುಮಕ್ಕಳು ಕುಣಿಯುತ್ತಾರೆ, ಎರಡನೆಯದಕ್ಕೆ ಎರಡೂ ಕಡೆಯ ತಂದೆತಾಯಿ ಜೋಡಿಯಾಗಿ ಇಳಿಯಬೇಕು, ಅದು ಆ ಮನೆತನದ ಪದ್ಧತಿ. ಕುಣಿತದ ಹೆಸರು ಸ್ಲೋ ಫಾಕ್ಸ್‌ಟ್ರಾಟ್.

‘ಪಪ್ಪಾ, ನೀವು ಪಿ.ಟಿ. ಮಾಸ್ತರು. ನಿಮಗೇನು ತ್ರಾಸ?’ ಅಂದಳು.

ನಿಜ, ಸುರಪುರದ ಒಂದು ಹೈಸ್ಕೂಲಿನಲ್ಲಿ 31 ವರ್ಷ ನಾನು ಸೀಟಿ ಊದಿದ್ದೇನೆ. ಸಾವಧಾನ್ ಅಂದರೆ ಆರುನೂರು ಹಿಮ್ಮಡಿ ಒಟ್ಟಿಗೆ ಕೂಡುತ್ತಿದ್ದವು. ಆ ಅನುಭವವೇ ನನಗೆ ಮುಳುವಾಯಿತು ಎಂದು ಆಮೇಲೆ ತಿಳಿಯಿತು. ಫಾಕ್ಸ್‌ಟ್ರಾಟಿನಲ್ಲಿ ಎರಡು ಕಾಲು ಒಂದೆಡೆ ಕೂಡುವುದೇ ಅಪರೂಪ. ಒಂದು ಕಾಲು ಇನ್ನೊಂದನ್ನು ದಾಟುತ್ತಲೇ ಇರಬೇಕು, ನೆಲ ಬಿಡದೆ, ನೆಲ ಸವರಿಕೊಂಡು. ‘ಥಂ’ ಅನ್ನುವ ಮಾತೇ ಇಲ್ಲದ ಕವಾಯತು.

ಅವ್ವನ ಪ್ರಶ್ನೆಗೆ ಉತ್ತರ ಹುಡುಕಿದೆ. ಈ ಕುಣಿತ 1914ರ ಸುಮಾರಿಗೆ ನ್ಯೂಯಾರ್ಕಿನಲ್ಲಿ ಹುಟ್ಟಿದ್ದು. ಹ್ಯಾರಿ ಫಾಕ್ಸ್ ಎಂಬ ರಂಗನಟನಿಂದ ಆ ಹೆಸರು ಬಂತು ಎಂಬುದು ಬಹಳ ಜನ ಹೇಳುವ ಕತೆ. ವರ್ನನ್ ಮತ್ತು ಐರೀನ್ ಕ್ಯಾಸಲ್ ಎಂಬ ಗಂಡಹೆಂಡತಿ ಅದನ್ನು ಶ್ರೀಮಂತರ ಅಂಗಳಕ್ಕೆ ಒಯ್ದರು. ಮೊದಲಿಗೆ ಅದರಲ್ಲಿ ನೆಗೆತ ಓಟ ಬಹಳ. ಇಂಗ್ಲೆಂಡಿಗೆ ಹೋದ ಮೇಲೆ, 1920ರ ದಶಕದಲ್ಲಿ, ಅಣ್ಣತಮ್ಮಂದಿರು ಬೇರೆಯಾದ ಹಾಗೆ ಅದು ಎರಡಾಯಿತು. ಜೋರಿನದು ಕ್ವಿಕ್‌ಸ್ಟೆಪ್, ನಿಧಾನದ್ದು ಸ್ಲೋ ಫಾಕ್ಸ್‌ಟ್ರಾಟ್. ಇಷ್ಟನ್ನೂ ಅವ್ವನಿಗೆ ವಿವರಿಸಿದೆ. ಆಕೆ ಕೇಳಿ ಹೇಳಿದ್ದು ಒಂದೇ ಮಾತು: ‘ಅಂದ್ರ ನರಿ ಇಲ್ಲ, ಓಟನೂ ಇಲ್ಲ. ಮತ್ತ ಇರೂದೇನು?’

ಹಾಗೆ ನೋಡಿದರೆ ಸಾಹೇಬರ ಕುಣಿತ ನಮ್ಮ ಕಡೆ ಮೊದಲೇ ಬಂದು ಬೇರೂರಬಹುದಿತ್ತು. ಸುರಪುರದ ಗುಡ್ಡದ ಮೇಲೆ ಟೇಲರ್ ಮಂಜಿಲ್ ಇನ್ನೂ ನಿಂತಿದೆ. ‘ಕನ್ಫೆಷನ್ಸ್ ಆಫ್ ಎ ಥಗ್’ ಬರೆದ ಫಿಲಿಪ್ ಮೆಡೋಸ್ ಟೇಲರ್ 1840ರ ದಶಕದಲ್ಲಿ ಇಲ್ಲಿ ಬಂದು ಸಂಸ್ಥಾನದ ಕಾರಭಾರ ನೋಡಿಕೊಂಡ. ಬಾಲರಾಜ ವೆಂಕಟಪ್ಪ ನಾಯಕ ಅವನನ್ನು ‘ಅಪ್ಪಾ’ ಎಂದೇ ಕರೆಯುತ್ತಿದ್ದ. ಆದರೆ ಟೇಲರ್ 1853ರಲ್ಲಿ ಊರು ಬಿಟ್ಟ. ಫಾಕ್ಸ್‌ಟ್ರಾಟ್ ಹುಟ್ಟಿದ್ದು ಅದಾಗಿ 61 ವರ್ಷಕ್ಕೆ. ಅವನು ಸ್ವಲ್ಪ ತಡೆದು ಹುಟ್ಟಿ ಬಂದಿದ್ದರೆ ನಮ್ಮ ಮುತ್ತಜ್ಜನ ಕಾಲಕ್ಕೇ ಈ ಪಾಠ ಮುಗಿದಿರುತ್ತಿತ್ತು, ನನ್ನ ಮೊಣಕಾಲು ಉಳಿದಿರುತ್ತಿತ್ತು.

ಗುರುಗಳು ಬೀಗರ ಮನೆಯ ಅಜ್ಜ. ಎಂಬತ್ತು ದಾಟಿದವರು. ಚಾಂಪಿಯನ್ ರೀಫ್ ಗಣಿಯಲ್ಲಿ ನೆಲದ ಕೆಳಗೆ ದುಡಿದವರು. ಆ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳ ಇಳಿದಿತ್ತಂತೆ. ಹಗಲು ಪಾತಾಳದಲ್ಲಿ, ಶನಿವಾರ ರಾತ್ರಿ ಮರದ ಹಾಸಿನ ಮೇಲೆ ಫಾಕ್ಸ್‌ಟ್ರಾಟ್. ಅವರು ದಿನಾ ಸಂಜೆ ಏಳಕ್ಕೆ ವಿಡಿಯೋ ಕಾಲ್ ಮಾಡುತ್ತಿದ್ದರು. ಮೊದಲ ದಿನ ನನ್ನ ನಡಿಗೆ ನೋಡಿ ಬಹಳ ವಿನಯದಿಂದ, ‘ಸಾರ್, ನೀವು ಡ್ಯಾನ್ಸ್ ಮಾಡ್ತಿಲ್ಲ, ಪೆರೇಡ್ ಮಾಡ್ತಿದೀರ’ ಅಂದರು.

ಲೆಕ್ಕದಲ್ಲಿ ಮಾತ್ರ ನಾನು ಸೋಲಲಿಲ್ಲ. ಈ ಹಾಡು ನಿಮಿಷಕ್ಕೆ 28ರಿಂದ 30 ಆವರ್ತ ಓಡುತ್ತದೆ, ಆವರ್ತಕ್ಕೆ ನಾಲ್ಕು ಪೆಟ್ಟು. ಮೂವತ್ತು ನಾಲ್ಕಲೆ ನೂರಿಪ್ಪತ್ತು. ನಾನು ಹುಡುಗರಿಗೆ ಕಲಿಸಿದ ‘ತೇಜ್ ಚಲ್’ ಕೂಡ ನಿಮಿಷಕ್ಕೆ 120 ಹೆಜ್ಜೆಯದೇ! ಅಂದರೆ ಅವರ ಕ್ವಿಕ್ ಅನ್ನುವುದು ನಮ್ಮ ಆಗಸ್ಟ್ ಹದಿನೈದರ ಒಂದು ಹೆಜ್ಜೆ, ಅರ್ಧ ಸೆಕೆಂಡು. ಸ್ಲೋ ಅಂದರೆ ಅದರ ಎರಡರಷ್ಟು, ಪೂರ್ತಿ ಒಂದು ಸೆಕೆಂಡು. ಸ್ಲೋ, ಕ್ವಿಕ್ ಕ್ವಿಕ್. ಇಷ್ಟು ತಿಳಿದಾಗ ನನಗೆ ಯಾದಗಿರಿ ಕೋಟೆ ಗೆದ್ದಷ್ಟು ಖುಷಿಯಾಯಿತು. ಆದರೆ ಆ ಒಂದು ಸೆಕೆಂಡನ್ನು ಏನು ಮಾಡಬೇಕು ಎಂಬುದೇ ತಿಳಿಯಲಿಲ್ಲ. ನಾನು ಅರ್ಧ ಸೆಕೆಂಡಿನಲ್ಲಿ ಕಾಲಿಟ್ಟು ಉಳಿದರ್ಧ ಬಸ್‌ಸ್ಟ್ಯಾಂಡಿನಲ್ಲಿ ನಿಂತ ಹಾಗೆ ನಿಲ್ಲುತ್ತಿದ್ದೆ. ಅಜ್ಜನ ಪ್ರಕಾರ ನಿಲ್ಲುವಂತಿಲ್ಲ, ಆ ಸೆಕೆಂಡಿನ ತುಂಬ ಸಾಗುತ್ತಲೇ ಇರಬೇಕು. ಕಾಲು ಎಲ್ಲೋ ಇರುತ್ತದೆ, ಮೈ ಇನ್ನೂ ಬರುತ್ತಿರುತ್ತದೆ.

ಮೊದಲ ಪಾಠ ‘ಫೆದರ್ ಸ್ಟೆಪ್’, ಪುಕ್ಕದ ಹೆಜ್ಜೆ. ಗಂಡಸು ಬಲಗಾಲು ಮುಂದಿಡುತ್ತಾನೆ, ಹಿಮ್ಮಡಿ ಊರಿ. ಆಮೇಲೆ ಎಡಗಾಲು, ಮೂರನೆಯದು ಮತ್ತೆ ಬಲಗಾಲು, ಹೆಂಗಸಿನ ಬಲಮಗ್ಗುಲ ಹೊರಗೆ. ಆಕೆ ಮೂರೂ ಹೆಜ್ಜೆ ಹಿಂದಕ್ಕೆ. ಅದರ ಬೆನ್ನಿಗೇ ‘ಥ್ರೀ ಸ್ಟೆಪ್’, ಎಡಗಾಲಿನಿಂದ ಸುರು, ಮತ್ತೆ ಇಬ್ಬರೂ ಎದುರುಬದುರು. ಓದಲು ಇಷ್ಟೇ. ನಮ್ಮ ಪಡಸಾಲೆಯದು ಶಹಾಬಾದಿ ಪರಸಿ. ಪರಸಿಗೂ ಪರಸಿಗೂ ನಡುವೆ ಮೂವತ್ತು ವರ್ಷದ ಸಂದಿ. ನೆಲ ಸವರುತ್ತ ಹೋದ ನನ್ನ ಹೆಬ್ಬೆರಳು ಪ್ರತಿ ಸಂದಿಯಲ್ಲೂ ತಂಗಿ ಬಂತು. ಪುಕ್ಕದ ಹೆಜ್ಜೆಗೆ ಒಂದು ವಾರದಲ್ಲಿ ಎರಡು ಉಗುರು ಹೋದವು.

ಉಗುರು ಹೋದದ್ದು ದೊಡ್ಡದಲ್ಲ. ಕೈಯದು ದೊಡ್ಡ ಸಮಸ್ಯೆ.

ಕುಣಿತ ನನಗೆ ಹೊಸದಲ್ಲ. ಹರೆಯದಲ್ಲಿ ನಮ್ಮೂರ ಮೊಹರಂಗೆ ಹೆಜ್ಜೆಮೇಳ ಕಟ್ಟಿ ರಾತ್ರಿಯಿಡೀ ಕುಣಿದವನು. ಹಲಗೆ ಬಿತ್ತೆಂದರೆ ಕಾಲು ನನ್ನ ಮಾತು ಕೇಳುತ್ತಿರಲಿಲ್ಲ, ಅಲಾಯಿ ಕುಣಿಯ ಸುತ್ತ ಹಿಂದೂ ಯಾರು ತುರುಕ ಯಾರು ಎಂದು ಧೂಳೂ ಕೇಳುತ್ತಿರಲಿಲ್ಲ. ಆದರೆ ಅಲ್ಲಿ ಇಪ್ಪತ್ತು ಮಂದಿ. ಕೈಗೆ ಕೆಲಸಕ್ಕೊಂದು ವಸ್ತ್ರ, ಬೀಸಿದರಾಯಿತು. ಊರೇ ನಮ್ಮ ಜೋಡಿ. ಇಲ್ಲಿ ಹಾಗಲ್ಲ. ಬಲಗೈ ಹೆಂಡತಿಯ ಎಡರೆಕ್ಕೆ ಎಲುಬಿನ ಕೆಳಗೆ, ಎಡಗೈಯಲ್ಲಿ ಆಕೆಯ ಬಲಗೈ. 32 ವರ್ಷದ ಸಂಸಾರದಲ್ಲಿ ನಾವು ಹೊರಗೆ ಹೊಂಟೆವೆಂದರೆ ನಾನು ಮುಂದೆ, ಆಕೆ ಹತ್ತು ಹೆಜ್ಜೆ ಹಿಂದೆ. ಮೈಲಾಪುರ ಮಲ್ಲಯ್ಯನ ಜಾತ್ರೆಯ ನೂಕುನುಗ್ಗಲಿನಲ್ಲೂ ನಾನು ಆಕೆಯ ಕೈ ಹಿಡಿದವನಲ್ಲ. ಕಳೆದುಹೋದಾಳು ಎಂಬ ಭಯಕ್ಕಿಂತ ಪರಿಚಯದವರು ಕಂಡಾರು ಎಂಬ ಭಯ ಹೆಚ್ಚಿತ್ತು. ಈಗ ಹಗಲುಹೊತ್ತಿನಲ್ಲಿ, ಹೆತ್ತ ತಾಯಿ ಮಂಚದ ಮೇಲೆ ಎಲಿಯಡಿಕಿ ಹಾಕಿಕೊಳ್ಳುತ್ತ ನೋಡುತ್ತಿರುವಾಗ, ಆ ಕೈ ಬೆನ್ನಿಗೆ ಹೋಗಬೇಕು. ಹೋಯಿತು. ಆದರೆ ಸೆರಗಿಗೆ ಸೋಕದ ಹಾಗೆ ಎರಡು ಬೆರಳು ದೂರ ನಿಂತಿತು.

‘ಏನ್ರೀ, ಹಂಚು ಸುಡ್ತದೇನು? ಇಡ್ರಿ ಸರಿಯಾಗಿ’ ಅಂದಳು ಹೆಂಡತಿ. ಆಕೆ ಇಷ್ಟು ಬೇಗ ಪಳಗುತ್ತಾಳೆ ಎಂದು ನಾನು ಅಂದುಕೊಂಡಿರಲಿಲ್ಲ. ಅವ್ವ ಗೋಡೆಯ ಕಡೆ ಮುಖ ತಿರುಗಿಸಿದಳು. ಅಲ್ಲಿ ಕನ್ನಡಿ ಇತ್ತು.

ಅವ್ವನ ತಕರಾರು ಬೇರೆಯೇ ಇತ್ತು. ಈ ಕುಣಿತದಲ್ಲಿ ಜೋಡಿಗಳೆಲ್ಲ ಅಂಗಳದ ಸುತ್ತ ಎಡಸುತ್ತು ಹೋಗಬೇಕು, ಒಬ್ಬರಿಗೊಬ್ಬರು ಡಿಕ್ಕಿಯಾಗದ ಹಾಗೆ ಜಗತ್ತಿನಾದ್ಯಂತ ಅದೇ ನಿಯಮ. ‘ಎಡಕ್ಕ ಸುತ್ತೂದು ಅಪ್ರದಕ್ಷಿಣಿ. ಮದುವಿ ಮನ್ಯಾಗ ಅಂಥಾದ್ದು ಮಾಡಬ್ಯಾಡ್ರಿ’ ಅಂತ ಆಕೆ ಪಟ್ಟು ಹಿಡಿದಳು. ನಾನು ವಕೀಲಿ ಮಾಡಿದೆ. ‘ನ್ಯಾಚುರಲ್ ಟರ್ನ್’ ಅಂತ ಒಂದು ಉಂಟು, ಅದರಲ್ಲಿ ಮೈ ಬಲಕ್ಕೇ ತಿರುಗುತ್ತದೆ ಎಂದೆ. ‘ಮೈ ಬಲಕ್ಕ ತಿರುಗಿದ್ರೇನು, ಹೋಗೂದು ಎಡಕ್ಕಲ್ಲೇನು?’ ಹೈಕೋರ್ಟಿನಲ್ಲೂ ಈ ಮಾತಿಗೆ ಉತ್ತರ ಸಿಗಲಿಕ್ಕಿಲ್ಲ.

ಆದರೆ ಆ ನ್ಯಾಚುರಲ್ ಟರ್ನ್ ನಮಗೆ ಬಂದದ್ದು ಅವ್ವನಿಂದಲೇ. ಗಂಡಸು ಹೊರಗಿನಿಂದ ದೊಡ್ಡ ಹೆಜ್ಜೆ ಹಾಕಿ ಸುತ್ತುವಾಗ ಒಳಮಗ್ಗುಲಿನ ಹೆಂಗಸು ಎರಡೂ ಕಾಲು ಕೂಡಿಸಿ ಹಿಮ್ಮಡಿಯ ಮೇಲೆ ತಿರುಗಬೇಕು. ಈ ಕುಣಿತದಲ್ಲಿ ಕಾಲು ಕೂಡುವ ಅಪರೂಪದ ಜಾಗ ಇದು. ಅಜ್ಜ ಫೋನಿನಲ್ಲಿ ಒಂದು ವಾರ ಹೇಳಿದರು. ನಾನು ಓಡುತ್ತಿದ್ದೆ, ಆಕೆಯೂ ಓಡುತ್ತಿದ್ದಳು, ಕೊನೆಗೆ ಇಬ್ಬರೂ ಬಾಗಿಲ ಚೌಕಟ್ಟಿಗೆ ಹೋಗಿ ನಿಲ್ಲುತ್ತಿದ್ದೆವು. ಒಂದು ಸಂಜೆ ಅವ್ವನಿಗೆ ತಡೆಯಲಾಗಲಿಲ್ಲ.

‘ಹಂತಿ ನೋಡಿಲ್ಲೇನೋ ನೀ? ಮೇಟಿ ಎತ್ತು ಓಡ್ತದೇನು? ನಿಂತಲ್ಲೇ ತಿರುಗ್ತದ. ಓಡಬೇಕಾದ್ದು ಹೊರಗಿನ ಎತ್ತು!’

ಕಣದ ನಡುವೆ ಮೇಟಿ, ಸಾಲಾಗಿ ಕಟ್ಟಿದ ಎತ್ತು, ಕಾಲ ಕೆಳಗೆ ಜೋಳದ ತೆನೆ. ಒಳಗಿನ ಎತ್ತು ಗೇಣು ಗೇಣು ಹೆಜ್ಜೆ ಇಟ್ಟರೆ ಹೊರಗಿನದು ಮೊಳ ಮೊಳ ಹಾಕುತ್ತದೆ, ಸಾಲು ಮುರಿಯುವುದಿಲ್ಲ. ಹುಡುಗನಿದ್ದಾಗ ರಾತ್ರಿಯಿಡೀ ನೋಡಿದ್ದೆ. ಆ ಒಂದು ಮಾತಿಗೆ ತಿರುವು ಬಂತು, ಬೆಣ್ಣೆಯ ಹಾಗೆ. ಹೆಂಡತಿ ಮಾತ್ರ ನಿಂತುಬಿಟ್ಟಳು. ‘ಅಲ್ರೀ ಅತ್ತಿ, ಮೇಟಿಗೆ ಕಟ್ಟೂದು ಮುದಿ ಎತ್ತಲ್ಲೇನ್ರಿ?’ ಅವ್ವ ಬಾಯಿ ತುಂಬಿದ ಎಲೆಯಡಿಕೆಯನ್ನು ಒಂದು ಬದಿಗೆ ಸರಿಸಿದಳು. ‘ಶಾಣ್ಯಾ ಎತ್ತು ಕಟ್ತಾರವ್ವಾ. ಹೊರಗ ಎಂಥಾದ್ದರ ನಡೀತದ.’ ಅಂದಿನಿಂದ ಮನೆಯಲ್ಲಿ ನನ್ನ ಸ್ಥಾನ ಹೊರಗಿನ ಎತ್ತು.

ಮನೆಯ ಜಾಗ ಸಾಲದಾಯಿತು. ನಸುಕಿನಲ್ಲಿ ವಾಕಿಂಗ್ ನೆಪ ಮಾಡಿ ಭೀಮರಾಯನಗುಡಿ ಕಡೆ ಹೋಗಿ, ಡಾಂಬರು ರಸ್ತೆ ಖಾಲಿ ಇರುವ ಜಾಗದಲ್ಲಿ ಹೆಜ್ಜೆ ಹಾಕತೊಡಗಿದೆವು. ಅಲ್ಲಿಂದ ನೋಡಿದರೆ ಗುಡ್ಡಗಳ ಸಾಲು ಬುದ್ಧ ಅಂಗಾತ ಮಲಗಿದ ಹಾಗೆ ಕಾಣುತ್ತದೆ. ಕಣ್ಣು ಮುಚ್ಚಿಕೊಂಡೇ ಇದ್ದ ಪ್ರೇಕ್ಷಕ ಆತನೊಬ್ಬನೇ. ಒಂದು ದಿನ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹಾಲಿನ ಕ್ಯಾನು ಕಟ್ಟಿದ ಮೋಟರ್‌ಸೈಕಲ್ಲು ನಿಲ್ಲಿಸಿ ಓಡಿಬಂದ. ‘ಸರ್, ಅಕ್ಕೋರಿಗೆ ಚಕ್ಕರ್ ಬಂತೇನ್ರಿ? ಹಿಡಕೊಂಡು ನಿಂತೀರಿ! ದವಾಖಾನಿಗೆ ಬಿಡ್ಲೇನ್ರಿ?’ ಹೌದೆನ್ನುವುದೇ ಮರ್ಯಾದೆ ಅನ್ನಿಸಿತು. ಪಾಪ, ಆತ ದವಾಖಾನೆಯ ಬಾಗಿಲವರೆಗೂ ಆಕೆಯನ್ನು ಕೂಡಿಸಿಕೊಂಡು ಹೋದ. ನಾನು ಹಿಂದಿನಿಂದ ನಡೆಯುತ್ತ ಹೋದೆ.

ಸೂಟು, ಬೂಟಿಗೆ ಯಾದಗಿರಿ. ಡ್ಯಾನ್ಸಿಗೆ ಬೂಟು ಬೇಕು ಎಂದಾಗ ಅಂಗಡಿಯವ ನನ್ನ ತಲೆಯ ಬಿಳಿಕೂದಲು ನೋಡಿ, ‘ಗೆಜ್ಜಿ ಆ ಕಡಿ ಅಂಗಡ್ಯಾಗ ಸಿಗ್ತಾವ್ರಿ’ ಅಂದ. ರಬ್ಬರಿನ ಅಟ್ಟೆ ನೆಲ ಕಚ್ಚುತ್ತದೆ, ಜಾರುವುದಿಲ್ಲ. ಕೊನೆಗೆ ಚರ್ಮದ ಅಟ್ಟೆ ಹೊಲಿಸಿಕೊಂಡೆ. ಸೂಟು ಹೊಲಿದ ಟೇಲರ್ ಏಪ್ರಿಲ್ ಬಿಸಿಲಿನಲ್ಲಿ ಕೋಟು ತೊಡಿಸಿ ನೋಡಿ, ‘ಕೈ ಮ್ಯಾಲೆತ್ರಿ’ ಅಂದ. ಎತ್ತಿದೆ. ಕುಣಿಯುವ ಭಂಗಿಯಲ್ಲೇ ಎತ್ತಿದ್ದೆ ಎಂದು ಗೊತ್ತಾದದ್ದು ಅಂಗಡಿಯಲ್ಲಿದ್ದವರು ನಕ್ಕಾಗ.

ಉದ್ಯಾನ್ ಎಕ್ಸ್‌ಪ್ರೆಸ್ ಹಿಡಿದು ಬೆಂಗಳೂರು, ಅಲ್ಲಿಂದ ಬಂಗಾರಪೇಟೆ, ಆಮೇಲೆ ಮಾರಿಕುಪ್ಪಂ ದಾರಿಯ ರೈಲು. ಕೆಜಿಎಫ್‌ನಲ್ಲಿ ಅಜ್ಜ ನಮ್ಮನ್ನು ಸುತ್ತಾಡಿಸಿದರು. 2001ರಲ್ಲಿ ಮುಚ್ಚಿದ ಗಣಿ, ಅದರ ಮಣ್ಣಿನ ಗುಡ್ಡಗಳು. 1880ರಿಂದ ಇದನ್ನೆಲ್ಲ ನಡೆಸಿದ್ದು ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಎಂದರು. ಸುರಪುರದಲ್ಲಿ ಒಬ್ಬ ಟೇಲರ್, ಯಾದಗಿರಿಯಲ್ಲಿ ಒಬ್ಬ ಟೇಲರ್, ಇಲ್ಲಿಯೂ ಟೇಲರ್. ಯಾದಗಿರಿಯವನೇ ಮೇಲು, ಆತ ಅಳತೆಗೆ ತಪ್ಪಲಿಲ್ಲ.

ರಾತ್ರಿ ಹಾಲಿನಲ್ಲಿ ಮರದ ಹಾಸು, ಮೇಣ ತಿಕ್ಕಿದ್ದು. ಮದುಮಕ್ಕಳ ಹಾಡು ಮುಗಿಯಿತು. ಬ್ಯಾಂಡಿನವರು ನಮ್ಮದನ್ನು ಎತ್ತಿಕೊಂಡರು. ಪರಸಿಯ ಸಂದಿಯಲ್ಲಿ ಕಲಿತ ಕಾಲು ಆ ನುಣುಪಿಗೆ ಹೆದರಿತು. ಮೊದಲ ಪುಕ್ಕದ ಹೆಜ್ಜೆ ಸರಿಹೋಯಿತು. ಮೊದಲ ಮೂಲೆ ಬಂದಾಗ ತಲೆ ಖಾಲಿ. ಬೀಗರ ಜೋಡಿ ಹಂಸದ ಹಾಗೆ ಹಿಂದಿನಿಂದ ಬರುತ್ತಿದೆ. ನಾನು ಸಾವಧಾನದಲ್ಲಿ ನಿಂತಿದ್ದೇನೆ, ಬೆವರು ಕಿವಿಯ ಹಿಂದೆ ಇಳಿಯುತ್ತಿದೆ.

‘ಮೇಟಿ ಎತ್ತು ತಯಾರದ,’ ಅಂತ ಕಿವಿಯ ಹತ್ತಿರ ದನಿ ಬಂತು. ‘ನೀವು ತಿರುಗ್ರಿ.’

ತಿರುಗಿದೆ. ಒಂದು ಸುತ್ತು ಆಯಿತು. ಸಾಕು ಅಂದೆ, ಆಕೆ ಬಿಡಲಿಲ್ಲ. ಎರಡಾಯಿತು. ಮೂರನೆಯದರಲ್ಲಿ ನನ್ನ ಕೈ ಎಲ್ಲಿದೆ ಎಂಬುದು ನನಗೆ ಮರೆತೇಹೋಗಿತ್ತು. ಮುಂದಿನ ಸಾಲಿನ ಕುರ್ಚಿಯಲ್ಲಿ ಇಳಕಲ್ ಸೀರೆ ಉಟ್ಟು ಕುಳಿತ ಅವ್ವ ಬೆರಳು ಮಡಚಿ ಏನೋ ಎಣಿಸುತ್ತಿದ್ದಳು. ತಾಳ ಹಾಕುತ್ತಿದ್ದಾಳೆ ಎಂದುಕೊಂಡೆ.

ಅದು ತಾಳವಲ್ಲ. ಮೂರನೆಯ ದಿನ ಶಹಾಪುರಕ್ಕೆ ಬಂದು ಆಟೋ ಇಳಿದೆವು. ನನ್ನ ಎರಡೂ ಕೈಯಲ್ಲಿ ಬ್ಯಾಗು. ಅವ್ವ ನಮಗಿಂತ ಮುಂಚೆ ಹೋಗಿ ಹೊಸ್ತಿಲಲ್ಲಿ ಅಡ್ಡ ನಿಂತಳು.

‘ಅಲ್ಲಿ ಎಡಕ್ಕ ಮೂರು ಸುತ್ತು ಹಾಕೀರಿ, ನಾ ಎಣಿಸೀನಿ. ತುಳಸಿಕಟ್ಟಿಗೆ ಬಲಕ್ಕ ಮೂರು ಸುತ್ತು ಹಾಕಿ ಒಳಗ ಬರ್ರಿ.’

ಆಜೂಬಾಜಿನವರೆಲ್ಲ ಬಾಗಿಲಿಗೆ ಬಂದಿದ್ದರು, ಮದುವೆ ಹೇಗಾಯಿತೆಂದು ಕೇಳಲು. ನಾನು ಬ್ಯಾಗು ಹಿಡಿದುಕೊಂಡೇ, ರೂಢಿಯಂತೆ ಮುಂದೆ ಹೊರಟೆ. ಹಿಂದೆ ಹೆಜ್ಜೆಯ ಸಪ್ಪಳ ಕೇಳಲಿಲ್ಲ. ತಿರುಗಿ ನೋಡಿದೆ. ಆಕೆ ಕಟ್ಟೆಯ ಪಕ್ಕ ನನ್ನ ಕಡೆ ಮುಖ ಮಾಡಿ ನಿಂತಿದ್ದಳು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು.

‘ಮದಲು ಬ್ಯಾಗ್ ಇಡ್ರಿ,’ ಅಂದಳು. ‘ಇಲ್ಲಾಂದ್ರ ಕೈ ಎಲ್ಲಿಡ್ತೀರಿ?’