ಅಗ್ಗದ ಯಂತ್ರದ ಯಜಮಾನ

ಮೂಡಿಗೆರೆ, ಕಳಸ ಸೀಮೆಯ ಕಾಫಿ ತೋಟಗಳಲ್ಲಿ ಬೆಂಗಳೂರಿನ ಕೆಲಸ ಬಿಟ್ಟು ಮರಳಿದ ಎಂಜಿನಿಯರ್ ಮಗನೆಂಬವನು ಈಗ ಸಿಲ್ವರ್ ಓಕ್ ಮರದಷ್ಟೇ ಸಾಮಾನ್ಯವಾದ ಪ್ರಭೇದ. ಓಕ್ ಮರಕ್ಕಾದರೋ ಮೆಣಸಿನ ಬಳ್ಳಿ ಹಬ್ಬುತ್ತದೆ. ಈ ಪ್ರಭೇದದಲ್ಲಿ ವಿಶೇಷ ಅಧ್ಯಯನಕ್ಕೆ ಅರ್ಹನಾದವನು, ಕಣದಲ್ಲಿ ಹರವಿದ ಕಾಫಿಯನ್ನು ತಾನೇ ದಾರಿ ಕಂಡುಕೊಂಡು ಕೆದಕುವ ಅಗ್ಗದ ರೋಬೋಟನ್ನು ಕಟ್ಟಲು ಹೊರಟವನು. ಈ ಸಂಕಲ್ಪ ಅಕಾರಣವಲ್ಲ: ಸಿಪ್ಪೆ ಬಿಡಿಸದೆ ಇಡೀ ಹಣ್ಣನ್ನೇ ಒಣಗಿಸುವ ಚೆರ್ರಿ ಕಾಫಿಯನ್ನು ಬೂಷ್ಟು ಹಿಡಿಯದಂತೆ ಎರಡು ವಾರದ ಆಸುಪಾಸು ಆಗಾಗ ಕೈಯಾಡಿಸುತ್ತಲೇ ಇರಬೇಕು, ಆಳುಗಳೋ ಸಿಗುವುದಿಲ್ಲ.

ಮನೆ ಗುಡಿಸುವ ರೂಂಬಾ 2002ರಲ್ಲೇ ಮಾರುಕಟ್ಟೆಗೆ ಬಂದಿರುವಾಗ, ಮೇಜು ಕುರ್ಚಿ ಗೋಡೆಗಳಾವುವೂ ಇಲ್ಲದ ಕಣದಲ್ಲಿ ಓಡಾಡುವುದು ಇನ್ನೂ ಸಲೀಸೆಂಬುದು ಅವನ ಸಿದ್ಧಾಂತ. ಗೋಡೆ ಇಲ್ಲದಿರುವುದೇ ತೊಡಕೆಂಬುದು ಆಮೇಲೆ ತಿಳಿಯುತ್ತದೆ. ಅಲ್ಟ್ರಾಸಾನಿಕ್ ಸೆನ್ಸರ್, ಎಂದರೆ ಕಿವಿಗೆ ಕೇಳದ 40 ಕಿಲೋಹರ್ಟ್ಸ್ ಸದ್ದನ್ನು ಹೊರಡಿಸಿ ಅದರ ಪ್ರತಿಧ್ವನಿ ಮರಳುವ ಹೊತ್ತಿನಿಂದ ದೂರ ಅಳೆಯುವ ಸಾಧನ, ಎದುರಿಗೆ ಏನೂ ಇಲ್ಲವೆಂದು ಪ್ರಾಮಾಣಿಕವಾಗಿ ವರದಿ ಮಾಡುತ್ತದೆ; ಯಂತ್ರ ಅಷ್ಟೇ ಪ್ರಾಮಾಣಿಕವಾಗಿ ಕಣದ ಅಂಚು ದಾಟಿ ಚರಂಡಿಗೆ ಬೀಳುತ್ತದೆ. ಚಕ್ರ ತಿರುಗಿದ ಸುತ್ತುಗಳನ್ನೆಣಿಸಿ ತಾನಿರುವ ಜಾಗವನ್ನು ಲೆಕ್ಕ ಹಾಕುವ ಓಡೋಮೆಟ್ರಿಯೆಂಬ ವಿಧಾನವೂ ಕಾಫಿಯ ಮೇಲೆ ಕೈಕೊಡುತ್ತದೆ: ಚಕ್ರ ನಿಂತಲ್ಲೇ ಜಾರುತ್ತ ಸುತ್ತುತ್ತಿದ್ದರೂ, ತಾನು ಆಚೆ ತುದಿ ಮುಟ್ಟಿದೆನೆಂಬ ಯಂತ್ರದ ನಂಬಿಕೆ ಅಚಲ. ಅಗ್ಗದ ಜಿಪಿಎಸ್ಸಿಗೆ ನಾಲ್ಕಾರು ಮೀಟರ್ ಆಚೀಚೆ ಲೆಕ್ಕಕ್ಕಿಲ್ಲವಾದ್ದರಿಂದ ಕಣವೂ ಕೊಟ್ಟಿಗೆಯೂ ಒಂದೇ.

ಇನ್ನು ಅಗ್ಗದ ವಿಚಾರ. 2012ರಲ್ಲಿ 35 ಡಾಲರಿಗೆ ಹೊರಬಂದ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರಿನ ಕಥೆ ಅವನ ಬಾಯಲ್ಲಿ ನಿತ್ಯಪಾರಾಯಣ. ಸುಟ್ಟ ಮೋಟಾರುಗಳು, ಬೆಂಗಳೂರಿನ ಎಸ್.ಪಿ. ರಸ್ತೆಯ ಬಿಡಿಭಾಗದಂಗಡಿಗಳಿಗೆ ಹೋಗಿಬಂದ ಡೀಸೆಲ್, ಅಪ್ಪನ ಜೀಪಿನಿಂದ ಕಳಚಿದ ಬ್ಯಾಟರಿ, ಇವೆಲ್ಲ ತೋಟದ ಲೆಕ್ಕ ಬರೆಯುವ ರೈಟರ್‌ನ ಪುಸ್ತಕದಲ್ಲಿ ಗೊಬ್ಬರದ ಖರ್ಚಾಗಿ ನಮೂದಾಗುತ್ತವೆ. ಯಂತ್ರ ಅಗ್ಗವಾಗಿಯೇ ಉಳಿಯುತ್ತದೆ, ಆ ವರ್ಷ ಗೊಬ್ಬರ ಮಾತ್ರ ತುಟ್ಟಿ.

ಕಡೆಗೆ, ಯಂತ್ರ ಚರಂಡಿಗೆ ಬೀಳದಂತೆ ಕಾಯಲು ದಿನಗೂಲಿಯ ಮೇಲೆ ಒಬ್ಬ ಹೆಣ್ಣಾಳನ್ನು ನಿಲ್ಲಿಸಲಾಗುತ್ತದೆ. ಅವನು ಲ್ಯಾಪ್‌ಟಾಪಿನಲ್ಲಿ ಕಣದ ನಕ್ಷೆ ಮೂಡುವುದನ್ನು ಕಾಯುತ್ತಿರುವಷ್ಟರಲ್ಲಿ ಆಕೆ ಸುಮ್ಮನಿರಲಾರದೆ ಮುಕ್ಕಾಲು ಕಣ ಕೆದಕಿ ಮುಗಿಸಿ, “ಅಣ್ಣ, ನಿಮ್ ಗಾಡಿ ಸ್ವಲ್ಪ ಎತ್ಕಳಿ, ಅದ್ರ ಅಡಿಗಿನ್ ಕಾಫಿ ಹಂಗೇ ಉಳ್ದೈತೆ” ಎನ್ನುತ್ತಾಳೆ.