ಸುಮ್ನ ಬಂದೀನ್ರೀ, ಕೆಲ್ಸ ಏನೂ ಇಲ್ಲ

ರೀಲ್ಸ್ ನೋಡ್ತೀರಿ, ಹೌದಲ್ರಿ? ಹೌದು ಅನ್ರಿ, ಇಲ್ಲಿ ನಾವಿಬ್ರೇ ಅದೀವಿ. ರಾತ್ರಿ ಭಾಂಡೆ ತಿಕ್ಕಿಟ್ಟು, ಹಾಸಿಗಿ ಮ್ಯಾಲ ಅಡ್ಡಾಗಿ, ಮೆಕ್ಸಿಕೋ ದೇಶದ ಗ್ವಾನಾಹ್ವಾತೊ ಅನ್ನೂ ಊರಾಗ (ಹೆಸರು ಜೋರಾಗಿ ಓದಬ್ಯಾಡ್ರಿ, ಮಗ್ಗಲಾಗ ಮಲಗಿದಾವ್ರು ಗಾಬರಿ ಬಿದ್ದಾರು) ಒಬ್ಬಾಕಿ ಹುಡುಗಿ ಬ್ಯಾಗ್ ಹಾಕ್ಕೊಂಡು ಅಡ್ಡಾಡೂದನ್ನ ಕಣ್ಣರಳಿಸಿ ನೋಡ್ತೀರಿ. ಗುಡ್ಡದ ತುಂಬ ಹಳದಿ, ಕೆಂಪ, ನೀಲಿ ಮನಿ. ಊರ ಬುಡಕ ಸುರಂಗ, ಅದರಾಗ ಕಾರು, ಬಸ್ಸು. ಎದುರುಬದುರ ಬಾಲ್ಕನಿಯಿಂದ ಮುತ್ತು ಕೊಡಬಹುದು, ಅಷ್ಟು ಸಣ್ಣ ಒಂದು ಓಣಿ.

ಶನಿವಾರ ಬಂದ್ಲು, ಕುಣದ್ಲು, ತಿಂದ್ಲು, ರವಿವಾರ ಹ್ವಾದ್ಲು. ನೀವು ಒಂದು ಹಾರ್ಟ್ ಒತ್ತಿದ್ರಿ. “ಎಂಥಾ ಧೈರ್ಯದ ಹುಡುಗಿ!” ಅಂತ ತಂಗಿಗೆ ಫಾರ್ವರ್ಡ್ ಮಾಡಿ ಮಲಗಿದ್ರಿ.

ಮರುದಿನ ಮುಂಜಾನೆ ಜಮಖಂಡಿ ಬಸ್‌ಸ್ಟ್ಯಾಂಡಿನ್ಯಾಗ ಅಂಥದ್ದ ಬ್ಯಾಗ್ ಹಾಕ್ಕೊಂಡು ಒಬ್ಬಾಕಿ ನಿಂತಿದ್ದಳು (ಅಕೀನ ನಾನು). ನೀವೇನು ಕೇಳಿದ್ರಿ? “ಯಾರ್ ಜೋಡಿ ಬಂದೀರ್ರೀ ಅಕ್ಕಾರ?” ಒಬ್ಬಾಕೀನ ಬಂದೀನಿ ಅಂದೆ. “ಏನ್ ಕೆಲಸ ಇತ್ತು?” ಏನೂ ಇಲ್ಲ, ಸುಮ್ನ ಊರು ನೋಡಾಕ ಅಂದೆ. ಅವಾಗ ನೀವು ನನ್ನ ಮಾರಿ ನೋಡಿದ್ರಲ್ಲ, ಆ ನೋಟಕ್ಕ ಯಾವ ರೀಲ್‌ನ್ಯಾಗೂ ಫಿಲ್ಟರ್ ಇಲ್ಲ ಬಿಡ್ರಿ.

ಹೆಣಮಕ್ಕಳು ಒಬ್ರ ಅಡ್ಡಾಡೂದು ನಮ್ಮ ಕಡೆ ಹೊಸಾದೇನ್ರಿ? ಕಾಯಿಪಲ್ಯದ ಬುಟ್ಟಿ ಹೊತ್ತಾಕಿ ನಸುಕಿನ್ಯಾಗ ಮೊದಲ್ನೇ ಬಸ್ ಹಿಡೀತಾಳ. ನರ್ಸ್‌ಬಾಯಿ ರಾತ್ರಿ ಪಾಳಿ ಮುಗಿಸಿ ಒಬ್ಬಾಕೀನ ಬರ್ತಾಳ. 2023ರ ಜೂನ್ 11ಕ್ಕ ಶಕ್ತಿ ಯೋಜನೆ ಚಾಲೂ ಆದ ಮ್ಯಾಲಂತೂ ಆಧಾರ್ ಕಾರ್ಡ್ ತೋರಿಸಿ ಸೊನ್ನಿ ತಿಕೀಟ್ ಹರಿಸ್ಕೊಂಡು ರಾಜ್ಯದ ತುಂಬ ಹೊಂಟಾರ. ಸೀಟಿಗೆ ಕಿಡಕ್ಯಾಗಿಂದ ಕರ್ಚೀಫ್ ಒಗಿಯೂದ್ರಾಗ ನಿಮ್ಮನ್ನ ಮೀರಿಸಾವ್ರಿಲ್ಲ, ನಾ ನೋಡೀನಿ.

ಹಂಗಾದ್ರ ತಕರಾರು ಎಲ್ಲೈತಿ? ಕಾರಣದಾಗ. ಮಗಳ ಬಾಣಂತನ, ಮೈದುನನ ಮದವಿ, ಯಾರದೋ ಮಣ್ಣು, ದವಾಖಾನಿ, ಸಂತಿ, ಹುಣ್ಣಿಮಿಗೆ ಯಲ್ಲಮ್ಮನ ಗುಡ್ಡ. ಇಂಥದ್ದೊಂದು ಚೀಟಿ ಕೈಯಾಗಿದ್ರ ನೀವು ಒಬ್ಬಾಕಿ ಕಾಶಿಗೆ ಹ್ವಾದ್ರೂ ಹುಂ ಅಂತಾರ. ಒಬ್ಬಾಕಿ ಅನ್ನೂದನ್ನ ಊರು ಮಾಫ್ ಮಾಡ್ತೈತಿ. ಸುಮ್ನ ಅನ್ನೂದನ್ನ ಮಾಡಂಗಿಲ್ಲ. ಗಂಡಸರು ಸುಮ್ನ ಕಟ್ಟಿಗೆ ಕುಂಡ್ರಬಹುದು, ಸುಮ್ನ ಚಾಕ್ಕ ಹೋಗಬಹುದು, ಸುಮ್ನ ಗೋವಾಕ್ಕೂ ಹೋಗಿ ಬರಬಹುದು (ಅಲ್ಲೆ ಅವ್ರಿಗೆ ಬಾಳ ಕೆಲಸ ಇರ್ತೈತಂತ, ಇರಲಿ).

ಬಸ್ಸಿನ್ಯಾಗ ಕುಂತ ಮ್ಯಾಲ ಜನಗಣತಿ ಚಾಲೂ. ಯಾವೂರು, ಯಾರ ಪೈಕಿ, ಮಾಲಕರು ಏನ್ ಮಾಡ್ತಾರ, ಮಕ್ಕಳೆಷ್ಟು, ಎರಡೂ ಹೆಣ್ಣಾ? ಸಿಟ್ಟಿಲ್ರಿ ನನಗ. ಹನ್ನೆರಡನೇ ಶತಮಾನದಾಗ ಅಕ್ಕಮಹಾದೇವಿ ಉಡುತಡಿಯಿಂದ ಕಲ್ಯಾಣಕ್ಕ ಒಬ್ಬಾಕೀನ ನಡಕೊಂತ ಬಂದಾಗ, ಅಲ್ಲಮಪ್ರಭುವಿನಂಥಾ ಅಲ್ಲಮಪ್ರಭುನೂ ‘ನಿನ್ನ ಗಂಡ ಯಾರವ್ವಾ’ ಅನ್ನೂ ಧಾಟಿಯಾಗ ಕೇಳಿದ ಅಂತ ಶೂನ್ಯಸಂಪಾದನೆ ಹೇಳ್ತೈತಿ. ಅಂವ ಪರೀಕ್ಷಾ ಮಾಡಾಕ ಕೇಳಿದ್ದ. ನೀವು ಟೈಂಪಾಸಿಗೆ ಕೇಳ್ತೀರಿ. ಅಷ್ಟ ಫರಕು.

ಇನ್ನ ನಿಮ್ಮೂರಿಗೇ ಬರೂಣು. ಜಮಖಂಡಿಯವರಲ್ಲಾ ನೀವು? ರಾಮತೀರ್ಥದ ಗುಡ್ಡ ಹತ್ತಿ ಎಷ್ಟು ದಿನಾತು? ಬೀಗರು ಬಂದಾಗ ತೋರಸಾಕ ಒಮ್ಮೆ, ಶಾಲಿ ಟ್ರಿಪ್ಪಿನ್ಯಾಗ ಒಮ್ಮೆ, ಹೌದಿಲ್ಲೋ? ಪಟವರ್ಧನ ಅರಸರು ಅಲ್ಲೆ ಅರಮನಿ ಕಟ್ಟಿಸ್ಕೊಂಡಾರ, ರಾಮೇಶ್ವರನ ಗುಡಿ ಐತಿ, ಮ್ಯಾಲಿಂದ ಕೆಳಗ ಊರು ಕಾಣಸ್ತೈತಿ. ಗ್ವಾನಾಹ್ವಾತೊದಾಕೀನೂ ಗುಡ್ಡ ಹತ್ತಿ, ಊರು ಕೆಳಗ ಬರೂಹಂಗ ಫೋಟೋ ಹೊಡಸ್ಕೊಂಡಿದ್ಲು. ನೀವು ಅದಕ್ಕ ಹಾರ್ಟ್ ಒತ್ತಿದ್ರಿ.

ಉಪನಿಷತ್ತಿನ ಮ್ಯಾಲ ಇಂಗ್ಲಿಷಿನ್ಯಾಗ ಮಹಾ ಗ್ರಂಥ ಬರೆದ ಗುರುದೇವ ರಾನಡೆ 1886ರಾಗ ಹುಟ್ಟಿದ್ದು ನಿಮ್ಮ ಜಮಖಂಡ್ಯಾಗ. ಸಾವಳಗಿಯ ಬಿ.ಡಿ. ಜತ್ತಿಯವರು ಜಮಖಂಡಿ ಸಂಸ್ಥಾನದ ದಿವಾನರಾಗಿದ್ದು, ಆಮ್ಯಾಲ ಮೈಸೂರು ರಾಜ್ಯದ ಮುಖ್ಯಮಂತ್ರಿಯಾಗಿ, 1977ರಾಗ ಕೆಲವು ತಿಂಗಳು ದೇಶದ ಹಂಗಾಮಿ ರಾಷ್ಟ್ರಪತಿನೂ ಆದ್ರು. ಇವೆಲ್ಲ ನಿಮಗ ಗೊತ್ತಿದ್ದದ್ದ. ಮಗಳ ಕ್ವಿಜ್ ಇದ್ದಾಗ ಮಾತ್ರ ನೆನಪಾಗ್ತೈತಿ, ಅಷ್ಟ.

ಅಲ್ಲಿಂದ ರಬಕವಿ-ಬನಹಟ್ಟಿ. ಬಸ್ ಇಳೀತಿದ್ದಂಗ ಕಿವಿಗೆ ಬಡಿಯೂದು ಪಾವರ್‌ಲೂಮಿನ ಖಟಾಖಟಿ. ಓಣಿಗೆ ಓಣಿನ ಬಡೀತಿರ್ತೈತಿ. ಕರೆಂಟ್ ಹ್ವಾದಾಗ ಒಮ್ಮಿಗೇ ಗಪ್ಪಾದ್ರ ಕೂಸುಗಳು ಎದ್ದು ಅಳ್ತಾವಂತ. ಪಡಸಾಲ್ಯಾಗ ಕುಂತ ಆಯಿಯೊಬ್ಬಾಕಿ ಕಂಡಿಕಿ ಸುತ್ತಕೊಂತ, ಕೈ ಬಿಡದ, ಕಣ್ಣು ಮಾತ್ರ ಎತ್ತಿ ಕೇಳಿದ್ಲು, “ಸೀರಿ ತಗೋಳಾಕ ಬಂದಿಯೇನವಾ?” ಇಲ್ಲ ಆಯಿ, ಸುಮ್ನ ಅಂದೆ. “ಸುಮ್ನ ಬನಹಟ್ಟಿಗೆ ಯಾರ್ ಬರ್ತಾರ!” ಅಂತ ನಕ್ಕು ಚಾ ಕುಡಿಸಿದ್ಲು. ಹಾಸು, ಹೊಕ್ಕು, ಲಾಳಿ ಎಲ್ಲಾ ತೋರಿಸಿದ್ಲು. ತನ್ನ ಕಾಲ ಮುಟ್ಟೋ ತನಕ ಕೈಮಗ್ಗ, ಮಕ್ಕಳ ಕಾಲಕ್ಕ ಪಾವರ್‌ಲೂಮ್, ಮೊಮ್ಮಕ್ಕಳು ಬೆಂಗಳೂರ ಅಂತ ಮನಿತನದ ಚರಿತ್ರಾನ ಒಂದು ಕಂಡಿಕಿ ತುಂಬೂದ್ರಾಗ ಮುಗಿಸಿದ್ಲು.

(ಸೀರಿ ತಗೊಂಡ್ಯಾ ಅಂತ ಕೇಳ್ತೀರಿ. ಅಲ್ರೀ, ನೀವಾಗಿದ್ರ ಬಿಡ್ತಿದ್ರೇನು? ಅತ್ತಿಗೊಂದು, ವೈನಿಗೊಂದು, ಕೆಲಸದಾಕಿಗೊಂದು, ಕಡೀಕ ರೊಕ್ಕ ಸಾಲದ ನಿಮಗಿಲ್ಲ. ಅಂಗಡಿಯಾಗ ರಾಶಿ ರಾಶಿ ಬಿಚ್ಚಿಸಿ ‘ನಾಳೆ ಮನ್ಯಾಗ ಕೇಳ್ಕೊಂಡು ಬರ್ತೇನಿ’ ಅಂತ ಏಳೂದೂ ನೀವ. ನಾ ಒಂದ ತಗೊಂಡೆ, ನನಗ.)

ಹೊಟ್ಟಿ ಹಸೀತು. ಇಲ್ಲಿ ನಿಮ್ಮ ಗುಟ್ಟೊಂದು ಹೇಳ್ಲಾ? ನೀವು ಒಬ್ರ ಖಾನಾವಳಿ ಹೊಕ್ಕು ಇಡೀ ಜನ್ಮದಾಗ ಉಂಡಿಲ್ಲ. ಬಸ್‌ಸ್ಟ್ಯಾಂಡಿನ್ಯಾಗ ಒಂದು ಬಿಸ್ಕೀಟ್ ಪುಡಿಕಿ, ಒಂದು ಬಾಳಿಹಣ್ಣು, ‘ನನಗ ಹಸಿವಿಲ್ಲ’. ಜೋಡಿ ಗಂಡ ಇದ್ರ ಮಾತ್ರ ಹಸಿವು. ಒಬ್ಬಾಕಿ ಹೆಣಮಗಳು ಖಾನಾವಳಿ ಹೊಕ್ರ ಏನಾಗ್ತೈತಿ ಗೊತ್ತೇನ್ರಿ? ಮಾಣಿ ಮೊದಲು ಹಿಂದ ನೋಡ್ತಾನ, ಇನ್ನೂ ಯಾರೋ ಬರೂವ್ರದಾರಂತ. ಬರಲಿಲ್ಲ ಅಂದ್ರ ಪಡದೆ ಕಟ್ಟಿದ ಫ್ಯಾಮಿಲಿ ರೂಮ್ ತೋರಸ್ತಾನ. ಒಬ್ಬಾಕಿ ಎಂಥಾ ಫ್ಯಾಮಿಲಿಪಾ ಅಂತ ಕೇಳಿ ಫ್ಯಾನಿನ ಬುಡಕ ಕುಂತ್ರ, ಮುಂದ ಏನೂ ಆಗಂಗಿಲ್ಲ. ರೊಟ್ಟಿ ಬರ್ತಾವ, ಎಣ್ಣಿಗಾಯಿ ಬರ್ತೈತಿ, ಮಡಿಕಿಕಾಳು, ಶೇಂಗಾ ಹಿಂಡಿ, ಮೊಸರು, ಹಸಿ ಉಳ್ಳಾಗಡ್ಡಿ. ಬಡಸಾಕಿ ಅವ್ವ “ಇನ್ನೊಂದು ಹಾಕ್ಲೇನ” ಅಂತ ಕೇಳ್ತಾಳ; ಹಂಗ ನಿಮ್ಮ ಮನ್ಯಾಗ ನಿಮ್ಮನ್ನ ಯಾರರೆ ಕೇಳ್ಯಾರೇನ್ರಿ?

ತಾಟಿನ ಮೂಲ್ಯಾಗ ಕೆಂಪ ಖಾರ ಐತಲ್ಲ, ಅದರ ಮೆಣಸಿನಕಾಯಿ ತೌರುಮನಿ ಮೆಕ್ಸಿಕೋ. ಪೋರ್ತುಗೀಸರು ಹದಿನಾರನೇ ಶತಮಾನದಾಗ ಹಡಗಿನ್ಯಾಗ ಹೇರಿಕೊಂಡು ಗೋವಾದಾಗ ಇಳಿಸಿದ್ರು, ಅಲ್ಲಿಂದ ಘಟ್ಟ ಹತ್ತಿ ನಮ್ಮ ಒಳ್ಳಿಗೆ ಬಂತು. ಗೋವಿನಜೋಳಾನೂ ಮೆಕ್ಸಿಕೋದಿಂದ ಬಂದ ಸೊಸಿ. ಅಲ್ಲೆ ಅದರ ಹಿಟ್ಟಿಂದ ಮಾಡೂ ರೊಟ್ಟಿಗೆ ತೋರ್ತಿಯಾ ಅಂತಾರ. ಅದಕ್ಕ ನಮ್ಮ ಕಡಕ್ ರೊಟ್ಟಿಯ ಸಪ್ಪಳಿಲ್ಲ, ಆ ಮಾತು ಬ್ಯಾರೆ.

ವಸ್ತಿ? ಅದೂ ಕೇಳಬೇಕಾದ್ದ. ಒಂದು ಲಾಡ್ಜಿನ್ಯಾಗ ರಜಿಸ್ಟರ್ ತಗದ್ರು; ‘ಜೋಡಿ ಯಾರು’ ಅನ್ನೂ ಕಾಲಮ್ ತುಂಬಾಕ ನನ್ನ ಕಡೆ ಏನೂ ಇರಲಿಲ್ಲ, ಅವ್ರ ಕಡೆ ರೂಮ್ ಇರಲಿಲ್ಲ. ಮಾವಶಿ ಮನಿಗೆ ಹೋದೆ. ಲಾಡ್ಜಿಗಿಂತ ಅಲ್ಲಿ ಪ್ರಶ್ನೆ ಜಾಸ್ತಿ. ಆದ್ರ ಪ್ರಶ್ನೆ ಜೋಡಿ ಬಿಸಿನೀರು, ಮೊಸರನ್ನ, ಒಂದು ಕೌದಿನೂ ಸಿಕ್ಕಿತು.

ರವಿವಾರ ಮುಧೋಳ. ಇಲ್ಲಿ 949ರಾಗ ಬಳೆಗಾರರ ಮನ್ಯಾಗ ರನ್ನ ಹುಟ್ಟಿದ. ಬಳಿ ಮಾರೂದು ಬಿಟ್ಟು, ಕಲಿಬೇಕು ಅಂತ ಹಟಾ ಹಿಡಿದು ಶ್ರವಣಬೆಳಗೊಳದ ತನಕ ಹ್ವಾದ. ಅಜಿತಸೇನಾಚಾರ್ಯರ ಕಡೆ ಓದಿದ, 993ರಾಗ ಅಜಿತಪುರಾಣ ಬರದ, ಭೀಮ-ದುರ್ಯೋಧನರ ಗದಾಯುದ್ಧಾನೂ ಬರದ. ಬೆಳಗೊಳದ ಚಿಕ್ಕಬೆಟ್ಟದ ಬಂಡಿ ಮ್ಯಾಲ ‘ಕವಿರತ್ನ’ ಅಂತ ಕೆತ್ತಿದ್ದು ಐತಿ, ಅದು ಇವಂದ ಅಂತ ಪಂಡಿತರು ಹೇಳ್ತಾರ. ನಗಬ್ಯಾಡ್ರಿ. ಬಾದಾಮಿ ಗುಡ್ಡದ ಮ್ಯಾಲ ಇದ್ದಲಿಲೆ ನಿಮ್ಮ ತಮ್ಮ ಬರದ ಹೆಸರಿಗೂ ಇದಕ್ಕೂ ಫರಕ ಐತಿ. ಗದಾಯುದ್ಧ ಬರದಾಂವ ಬರಕೋಬಹುದು.

ಆಮ್ಯಾಲ ನಾಯಿ. ಮುಧೋಳಕ್ಕ ಹೋಗಿ ನಾಯಿ ನೋಡದ ಬಂದ್ರ ನಿಮ್ಮ ಮಗ ಮನಿಗೆ ಸೇರಸಂಗಿಲ್ಲ. ಸಣ್ಣ ನಡ, ಉದ್ದಾನ ಕಾಲು, ಮಾರಿ ನೋಡಿದ್ರ ಉಪಾಸ ಮಾಡಿದ ಸ್ವಾಮಿ, ಬಿಟ್ರ ಬಾಣ. ಘೋರ್ಪಡೆ ಅರಸ ಮಾಲೋಜಿರಾವ್ ಇವನ್ನ ಸಾಕಿ ಬೆಳೆಸಿ ಇಂಗ್ಲೆಂಡಿನ ಐದನೇ ಜಾರ್ಜ್ ದೊರಿಗೆ ಕಾಣಿಕಿ ಕೊಟ್ಟ ಅಂತಾರ. 2005ರಾಗ ಅಂಚೆಚೀಟಿ ಮ್ಯಾಲ ಬಂತು. ಹತ್ರದ ತಿಮ್ಮಾಪುರದಾಗ ಈ ತಳಿಗೆ ಅಂತಾನ ಸಂಶೋಧನಾ ಕೇಂದ್ರ ಐತಿ. 2016ರಾಗ ಇಲ್ಲಿನ ಮರಿಗಳು ಸೈನ್ಯದ ತರಬೇತಿಗೆ ಮೀರತ್ ತನಕ ಹ್ವಾದುವು. ಮುಧೋಳದ ಮರಿ ಮೀರತ್‌ಗೆ ಹೋಗ್ತೈತಿ, ನಿಮಗ ಜಮಖಂಡಿಯಿಂದ ಮುಧೋಳ ದೂರ!

ನೀವಂತೀರಿ, ಒಬ್ಬಾಕಿ ಯಾಕ, ಗೆಳತ್ಯಾರೆಲ್ಲ ಕೂಡಿ ಹೋಗೂಣು. ಆಹಾ! ಅದಕ್ಕ ಒಂದು ಗ್ರೂಪ್ ಮಾಡೀರಿ, ಡಿಪಿಗೆ ಬೀಚಿನ ಫೋಟೋ ಹಾಕೀರಿ. ಒಬ್ಬಾಕಿಗೆ ಪರೀಕ್ಷಾ, ಒಬ್ಬಾಕಿಗೆ ಅತ್ತಿ, ಒಬ್ಬಾಕಿಗೆ ‘ಅವ್ರನ್ನ ಕೇಳಿ ಹೇಳ್ತೀನಿ’. ಇದ ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿ ಹತ್ರ ರೈತರು ಸರಕಾರದ ದಾರಿ ಕಾಯದ, ತಾವ ಪಟ್ಟಿ ಹಾಕಿ, ತಾವ ಕಲ್ಲು ಹೊತ್ತು ಕೃಷ್ಣಾ ನದಿಗೆ ಬ್ಯಾರೇಜ್ ಕಟ್ಟಿದ್ರು, 1989ರಾಗ. ಮುಂದ ನಿಂತ ಸಿದ್ದು ನ್ಯಾಮಗೌಡರು 1991ರ ಚುನಾವಣ್ಯಾಗ ರಾಮಕೃಷ್ಣ ಹೆಗಡೆಯವರನ್ನ ಸೋಲಿಸಿ ಪಾರ್ಲಿಮೆಂಟಿಗೆ ಹ್ವಾದ್ರು. ಹಳ್ಳಿ ಹಳ್ಳಿ ಮಂದಿ ಕೂಡಿ ನದಿ ನಿಲ್ಲಿಸಿದ್ರು, ನಿಮ್ಮ ಗ್ರೂಪಿಗೆ ಒಂದು ತಾರೀಕ ನಿಲ್ಲವಲ್ದು.

ಬೀಳಗಿಗೆ ಮುಟ್ಟೂದ್ರಾಗ ಬಿಸಲು ಇಳದಿತ್ತು. ಅರೆತ್ತಿನ ಬಾವಿ ನೋಡಿದೆ, ಸಿದ್ಧೇಶ್ವರಗ ಕೈ ಮುಗದೆ. ಈ ತಾಲೂಕಿನ್ಯಾಗ ದಾರಿ ಕೇಳೂದ ಒಂದು ಮಜಾ. ಆಲಮಟ್ಟಿ ಹಿನ್ನೀರಿಗೆ ಎಷ್ಟೋ ಊರು ಸರದಾವ, ಅದಕ್ಕ ಊರ ಹೆಸರು ಹೇಳಿದ್ರ “ಹಳೇದಾ, ಹೊಸಾದಾ?” ಅಂತ ತಿರುಗಿ ಕೇಳ್ತಾರ. ಹಳೇ ಊರಿಗೆ ಹೋಗಬೇಕಂದ್ರ ಈಸು ಬರಬೇಕು ಅಂತ ಒಬ್ಬ ಅಜ್ಜ ನಕ್ಕ; ನಗೂದ್ರಾಗ ಒಂದೀಟು ಸಿಟ್ಟೂ ಇತ್ತು.

ಕೃಷ್ಣೆ ದಂಡಿಗೆ ಗಲಗಲಿ. ಅಲ್ಲಿನ ಗಲಗಲಿ ಅವ್ವ ಅಂದ್ರ ಹರಿದಾಸಿ, ತಾನ ಹಾಡು ಕಟ್ಟಿ, ಹೆಣಮಕ್ಕಳಿಗೆ ಕಲಿಸಿದಾಕಿ. ಅಕೀ ಹೆಸರು ಹೇಳಿದ್ದ ತಡ, ಬಸ್ಸಿನ್ಯಾಗ ನನ್ನ ಮಗ್ಗಲ ಕುಂತ ನೀವು (ಹೌದ್ರಿ, ಅದೂ ನೀವ) ತಟ್ಟನೆ, “ಹಂಗಾರ ದೇವರಿಗೆ ಬಂದಿದ್ರೆನ್ನಿ, ಮೊದಲ ಹೇಳಬಾರದಾ!” ಅಂದ್ರಿ. ಮಾರಿ ಎಷ್ಟು ಹಗರಾತು ನಿಮ್ದು! ನನಗೊಂದು ಕಾರಣ ಸಿಕ್ಕಿತು, ನಿಮಗ ಸಮಾಧಾನ ಸಿಕ್ಕಿತು. ಚೀಲದಾಗಿಂದ ಚುರಮರಿ ತಗದು ಕೊಟ್ರಿ. ತಿನ್ನೂಮುಂದ ದನಿ ಇಳಿಸಿ ಕೇಳಿದ್ರಿ: “ಖರೇನ ಹೇಳ್ರಿ ಅಕ್ಕಾರ, ಅಂಜಿಕಿ ಆಗಂಗಿಲ್ಲೇನು? ನಾನೂ ಒಮ್ಮೆ…”

ಕತ್ತಲಾದ ಮ್ಯಾಲ ಕಡೇ ಬಸ್ ತಪ್ಪಿದ್ರ ಅಂಜಿಕಿ ಆಗ್ತೈತ್ರಿ, ಸುಳ್ಳ ಹೇಳಂಗಿಲ್ಲ. ಅದಕ್ಕ ಕಡೇ ಬಸ್ಸಿನ ಹಿಂದಿನ ಬಸ್ ಹಿಡೀಬೇಕು. ಫೋನಿಗೆ ಚಾರ್ಜ್, ಚೀಲದಾಗ ನೀರು, ಆಧಾರ್ ಕಾರ್ಡ್ ಒರಿಜಿನಲ್. ಮತ್ತೇನೂ ಇಲ್ಲ.

ಮುಂದಿನ ಶನಿವಾರ ಹೊಂಡ್ರಿ ಹಂಗಾರ. ಏನಂದ್ರಿ? ಶನಿವಾರ ಹಿಟ್ಟು ಬೀಸಿಸಬೇಕಾ? ಡಬ್ಬಿ ಜೋಡಿಗೆ ತಗೊಂಡ ಬರ್ರಿ, ಮುಧೋಳದಾಗೂ ಗಿರಣಿ ಅದಾವು.