ಬಿಲ್ಲಿನಲ್ಲಿ ಇಲ್ಲದ ಬಾಬತ್ತು

ಗೆ,
ಬಿಲ್ಲಿಂಗ್ ಕೌಂಟರಿನ ಮಹಾಶಯರು,
ಪುಣೆಯ ಒಂದು ಧರ್ಮಾದಾಯ ಆಸ್ಪತ್ರೆ.
(ಹೆಸರು ಬೇಡ. ಕೆಲಸವೇ ಗುರುತು ಹೇಳುತ್ತದೆ.)

ಸನ್ಮಾನ್ಯರೇ,

ಮೊದಲು ಅಭಿನಂದನೆ ಸ್ವೀಕರಿಸಿ. ಯಾವ ಗುಳಿಗೆಗೂ ಬಗ್ಗದಿದ್ದ ನಮ್ಮವ್ವನ ಸೊಂಟನೋವು ನಿಮ್ಮ ಒಂದು ಹಾಳೆಗೆ ಬಗ್ಗಿತು. ಅವ್ವ ಆಳಂದದ ಕಡೆಯವಳು, ವಯಸ್ಸು 68, ಸ್ತನ ಕ್ಯಾನ್ಸರಿಗೆ ಕೀಮೋ ನಡೆದಿದೆ. ಒಂದು ಸುತ್ತಿಗೆ 40,000 ಎಂದು ನೀವು ಬರೆದುಕೊಟ್ಟ ಅಂದಾಜುಪಟ್ಟಿಯನ್ನು ನಾನು ಮಡಚಿ ಜೇಬಿಗಿಟ್ಟಿದ್ದೆ. ಅಂಗಿ ಒಗೆಯಲು ತೆಗೆದವಳು ಬಿಡಿಸಿ ನೋಡಿಬಿಟ್ಟಳು. "ತಮ್ಮಾ, ಇದಕ್ಕ ಎಷ್ಟು ತೊಗರಿ ಮಾರಬೇಕು?" 2025-26ಕ್ಕೆ ಕೇಂದ್ರ ಸರ್ಕಾರ ತೊಗರಿಗೆ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಲಿಗೆ 8,000. ಆ ಬೆಲೆ ಕೈಗೆ ಸಿಕ್ಕರೂ ಐದು ಕ್ವಿಂಟಲ್ ಬೇಕು. ಅಂದಿನಿಂದ ಡಾಕ್ಟರು ಏನು ಕೇಳಿದರೂ ಅವಳದು ಒಂದೇ ಉತ್ತರ: "ಏನೂ ಇಲ್ರೀ, ಆರಾಮ ಇದ್ದೀನಿ." ನೋವು ಅಂದರೆ ಸ್ಕ್ಯಾನು, ಸ್ಕ್ಯಾನು ಅಂದರೆ ಮತ್ತೆ ತೊಗರಿ. ಫೈಲಿನಲ್ಲಿ 'ರೋಗಿ ಆರಾಮ' ಎಂದೇ ದಾಖಲಾಗಿದೆ. ಇಂಥ ನೋವುನಿವಾರಕ ಕಂಡುಹಿಡಿದ ನಿಮಗೆ ಇನ್ನೂ ಯಾವ ಪ್ರಶಸ್ತಿಯೂ ಬಾರದಿರುವುದು ಅನ್ಯಾಯ.

ಎರಡನೆಯ ಅಭಿನಂದನೆ, ಅವ್ವನ ಆಪರೇಷನ್ನಿನ ವೇಳೆ ಕಂಡ ನಿಮ್ಮ ಕೋಣೆಗಳಿಗೆ. ಅದೇ ಸರ್ಜನ್ನು, ಅದೇ ಕತ್ತರಿ, ಅದೇ ಟೇಬಲ್ಲು. ಆದರೆ ರೋಗಿ ಮಲಗುವ ಕೋಣೆ ಮೇಲಿನ ದರ್ಜೆಯದಾದರೆ ಶಸ್ತ್ರಕ್ರಿಯೆಯೂ ದುಬಾರಿ. ನನ್ನ ಕಂಪನಿ ಕೊಡಿಸಿದ ಪಾಲಿಸಿಯಲ್ಲಿ ಕೋಣೆಯ ಮಿತಿ ದಿನಕ್ಕೆ 3,000. ನಿಮ್ಮಲ್ಲಿ "ಖಾಲಿ ಇರುವುದು ಇದೊಂದೇ" ಎಂದು ಸಿಕ್ಕ ಕೋಣೆ 6,000ದ್ದು. ಬಾಡಿಗೆಯ ಅರ್ಧವನ್ನು ನಾನು ಕೊಟ್ಟರೆ ತೀರಿತು ಅಂದುಕೊಂಡೆ. ವಿಮೆಯವರು ಸರ್ಜನ್ನರ ಶುಲ್ಕವನ್ನೂ ಥಿಯೇಟರಿನ ಶುಲ್ಕವನ್ನೂ ಅದೇ ಅನುಪಾತದಲ್ಲಿ ಕತ್ತರಿಸಿದರು. ಅವ್ವನಿಗೆ ಆದದ್ದು ಒಂದು ಆಪರೇಷನ್, ನನಗೆ ಎರಡನೆಯದು. ಡಿಸ್ಚಾರ್ಜಿಗೆ ಕೇಳಿದ ಮೂರು ಗಂಟೆಯೊಳಗೆ ವಿಮಾ ಕಂಪನಿ ಒಪ್ಪಿಗೆ ಕೊಡಬೇಕು, ತಡವಾದರೆ ಹೆಚ್ಚುವರಿ ಖರ್ಚು ಕಂಪನಿಯದೇ ಎಂದು ವಿಮಾ ನಿಯಂತ್ರಣ ಪ್ರಾಧಿಕಾರ 2024ರ ಮೇ ತಿಂಗಳಲ್ಲಿ ಸುತ್ತೋಲೆ ಹೊರಡಿಸಿದೆ. ಅದನ್ನು ನಿಮ್ಮ ಕಿಟಕಿಯಲ್ಲಿ ತೋರಿಸಿದಾಗ ನೀವು ನಕ್ಕ ನಗು ಮಾತ್ರ ಪುಕ್ಕಟೆ. ಅದಕ್ಕೆ ಕೃತಜ್ಞ.

ಇನ್ನು ಕಾರ್ಡುಗಳ ವಿಚಾರ. ಮಹಾರಾಷ್ಟ್ರದ ಮಹಾತ್ಮ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಕೊಡುತ್ತದೆ, ಆದರೆ ಅವ್ವನ ರೇಷನ್ ಕಾರ್ಡು ಕರ್ನಾಟಕದ್ದು. ಆಯುಷ್ಮಾನ್ ಕಾರ್ಡು ದೇಶದಲ್ಲೆಲ್ಲ ನಡೆಯುತ್ತದೆ ಎಂದು ಜಾಹೀರಾತು ಹೇಳುತ್ತದೆ. ನಿಮ್ಮ ಮೇಜು ಅದನ್ನು ತಿರುಗಿಸಿ ಮುರುಗಿಸಿ ನೋಡಿ "ಇದು ಅಲ್ಲೀದು" ಎನ್ನುತ್ತದೆ. 2024ರ ಅಕ್ಟೋಬರ್ 29ರಿಂದ 70 ತುಂಬಿದವರಿಗೆ ಆದಾಯ ನೋಡದೆ ಆಯುಷ್ಮಾನ್ ರಕ್ಷಣೆ ಬಂದಿದೆ. ಅವ್ವನಿಗೆ ಎರಡು ವರ್ಷ ಕಡಿಮೆ. ಅಲ್ಲಿಯವರೆಗೆ ಸುಮ್ಮನಿರು ಎಂದು ರೋಗಕ್ಕೆ ವಿನಂತಿ ಮಾಡಿಕೊಂಡಿದ್ದೇವೆ. ಬಸ್ಸಿನವರೇ ವಾಸಿ: ಆಳಂದದಿಂದ ಗಡಿಯವರೆಗೆ ಶಕ್ತಿ ಯೋಜನೆಯಲ್ಲಿ ಪುಕ್ಕಟೆ, ಗಡಿ ದಾಟಿದ ಮೇಲೆ ಮಹಾರಾಷ್ಟ್ರದ ಎಸ್‌ಟಿಯಲ್ಲಿ ಹೆಂಗಸರಿಗೆ ಅರ್ಧ ಟಿಕೆಟ್ಟು. ನಿಮ್ಮ ಬಾಗಿಲು ದಾಟಿದ ಮೇಲಷ್ಟೇ ಪೂರ್ತಿ.

ಊರಿನ ನೆಂಟರು ಫೋನಿನಲ್ಲಿ ಬಯ್ಯುತ್ತಾರೆ: ಮುಂಬೈಯ ಟಾಟಾ ಇತ್ತಲ್ಲ, ಬೆಂಗಳೂರಿನ ಕಿದ್ವಾಯಿ ಇತ್ತಲ್ಲ, ಹತ್ತಿರದ ಬಾರ್ಶಿಯಲ್ಲಿ ನರ್ಗಿಸ್ ದತ್ ಆಸ್ಪತ್ರೆ ಇತ್ತಲ್ಲ? ಇವೆ. ಕ್ಯಾನ್ಸರ್ ರೋಗಿಗೆ ರೈಲಿನ ಸ್ಲೀಪರಿನಲ್ಲಿ ಪೂರ್ತಿ ರಿಯಾಯಿತಿ, ಜೊತೆಗೆ ಹೋಗುವವನಿಗೆ ಶೇ. 75 ಕೂಡ ಇದೆ. ಆದರೆ ಜೊತೆಗೆ ಹೋಗುವವನು ಪುಣೆಯ ಹಡಪಸರದಲ್ಲಿ ಪಾಳಿ ಮುಗಿಸಿದರೆ ಮಾತ್ರ ಸಂಬಳ, ಸಂಬಳ ಬಂದರೆ ಮಾತ್ರ ಪಾಲಿಸಿ.

ಈಗ ನಿಜವಾದ ತಕರಾರಿಗೆ ಬರುತ್ತೇನೆ. ನಿಮ್ಮ ಬಿಲ್ಲು ಕೈಗವಸು, ಟೋಪಿ, ಹತ್ತಿಯ ಉಂಡೆ ಒಂದನ್ನೂ ಬಿಟ್ಟಿಲ್ಲ. ಬಿಟ್ಟಿರುವುದು ಒಂದೇ ಬಾಬತ್ತು: ಕಾನೂನು. ಮಹಾರಾಷ್ಟ್ರದ ಸಾರ್ವಜನಿಕ ಟ್ರಸ್ಟ್ ಕಾಯ್ದೆಯ 41ಎಎ ಕಲಂ ಮತ್ತು ಬಾಂಬೆ ಹೈಕೋರ್ಟ್ 2006ರಲ್ಲಿ ಒಪ್ಪಿದ ಯೋಜನೆಯ ಪ್ರಕಾರ ಧರ್ಮಾದಾಯ ಆಸ್ಪತ್ರೆಗಳು ನೂರಕ್ಕೆ ಹತ್ತು ಹಾಸಿಗೆಗಳನ್ನು ಕಡುಬಡವರಿಗೆ ಉಚಿತವಾಗಿ, ಇನ್ನು ಹತ್ತನ್ನು ದುರ್ಬಲ ವರ್ಗದವರಿಗೆ ರಿಯಾಯಿತಿಯಲ್ಲಿ ಕೊಡಬೇಕು. ಬಿಲ್ಲುಗಳ ಶೇ. 2ನ್ನು ಬಡರೋಗಿಗಳ ನಿಧಿಗೆ ತೆಗೆದಿಡಬೇಕು. ಇದನ್ನು ನನಗೆ ಹೇಳಿದ್ದು ನಿಮ್ಮ ಕೌಂಟರಲ್ಲ. ಗೇಟಿನ ಹೊರಗೆ ಚಹಾ ಮಾರುವವನು. ಅವನು ಅದಕ್ಕೆ ಕನ್ಸಲ್ಟೇಶನ್ ಫೀ ಹಾಕಲಿಲ್ಲ.

ಔಷಧಿಯದೂ ಅದೇ ಕಥೆ. 2019ರಲ್ಲಿ ಔಷಧ ಬೆಲೆ ಪ್ರಾಧಿಕಾರ 42 ಕ್ಯಾನ್ಸರ್ ಔಷಧಗಳ ಮಾರಾಟದ ಲಾಭಕ್ಕೆ ಶೇ. 30ರ ಮಿತಿ ಹಾಕಿತು. ಆಸ್ಪತ್ರೆಯ ಅಂಗಡಿಯಲ್ಲೇ ಕೊಳ್ಳಬೇಕೆಂಬ ಒತ್ತಾಯದ ಪ್ರಶ್ನೆಯನ್ನು ಸುಪ್ರೀಂ ಕೋರ್ಟ್ 2025ರ ಮಾರ್ಚಿನಲ್ಲಿ ರಾಜ್ಯಗಳಿಗೆ ಬಿಟ್ಟಿತು. ರಾಜ್ಯಗಳು ಯೋಚಿಸುವಷ್ಟರಲ್ಲಿ ನಿಮ್ಮ ಬೋರ್ಡು ಯೋಚಿಸಿದೆ: 'ಹೊರಗಿನ ಔಷಧಿಗೆ ನಾವು ಹೊಣೆಯಲ್ಲ.' ಒಳಗಿನ ಬೆಲೆಗೆ ಹೊಣೆ ಯಾರೆಂದು ಬರೆಯಲು ಜಾಗ ಸಾಲಲಿಲ್ಲವೇನೋ.

ನಾನು ದಾನ ಕೇಳುತ್ತಿಲ್ಲ. ನನ್ನ ಸಂಬಳಕ್ಕೆ ಉಚಿತ ಹಾಸಿಗೆ ಸಲ್ಲದೆಯೂ ಇರಬಹುದು. ಆದರೆ ಕೀಮೋ ವೇಳೆ ಅವ್ವನ ಪಕ್ಕದ ಮಂಚದಲ್ಲಿ ಲಾತೂರಿನ ಒಬ್ಬ ಹಮಾಲಿ ಮಲಗುತ್ತಾನೆ. ಅವನ ಹೆಂಡತಿ ತಾಳಿ ಒತ್ತೆಯಿಟ್ಟು ಮುಂಗಡ ಕಟ್ಟಿದ್ದಾಳೆ. ಆ ಮುಂಗಡವನ್ನು ಎಣಿಸಿ ಡ್ರಾಯರಿಗೆ ಹಾಕುವಾಗ ನಿಮ್ಮ ಬಾಯಿಂದ ಉಚಿತ ಹಾಸಿಗೆಯ ಬಗ್ಗೆ ಒಂದು ವಾಕ್ಯ ಬರಬೇಕಿತ್ತು. ಹಾಗಾಗಿ ನನ್ನ ಬೇಡಿಕೆ ಒಂದೇ: ಅಂದಾಜುಪಟ್ಟಿಯ ಮೊದಲ ಸಾಲಿನಲ್ಲಿ, ಮೊತ್ತಕ್ಕಿಂತ ಮೇಲೆ, ಇಂದು ಖಾಲಿ ಇರುವ ಉಚಿತ ಹಾಸಿಗೆ ಎಷ್ಟು, ನಿಧಿಯಲ್ಲಿ ಉಳಿದ ಹಣ ಎಷ್ಟು, ಯಾವ ಕಾರ್ಡು ನಡೆಯುತ್ತದೆ ಎಂದು ಮರಾಠಿಯಲ್ಲೂ ಕನ್ನಡದಲ್ಲೂ ಅಚ್ಚು ಹಾಕಿಸಿ.

ಸೋಮವಾರ ಮುಂದಿನ ಕೀಮೋಗೆ ಬರುತ್ತೇವೆ. ಹಮಾಲಿಯ ಹೆಂಡತಿಯನ್ನೂ ನಿಮ್ಮ ಕಿಟಕಿಗೆ ಕರೆತರುತ್ತೇನೆ. ಇನ್ನೊಂದು ಮುಂಗಡ ಕೇಳುವ ಮೊದಲು ಬಡರೋಗಿಗಳ ನಿಧಿಯ ರಿಜಿಸ್ಟರ್ ತೆರೆದಿಡಿ. ಓದಿ ಹೇಳಲು ನಾನಿದ್ದೇನೆ.

ಇಂತಿ,
ರೋಗಿಯ ಜೊತೆಗಾರ
(ಪಾಸ್ ಇರುವವನು), ಹಡಪಸರ